ತೊಳೆದಿಟ್ಟ ಡಬ್ಬಿ

"ಕೈಕೋಳ ಬಿಚ್ಚು," ಎಂದಳು ನಿಧಾನಮ್ಮ.

ಪೇದೆ ಜೇಬಿನಿಂದ ಬೀಗದ ಕೈ ತೆಗೆದನೇ ಹೊರತು ಬಿಚ್ಚಲಿಲ್ಲ. "ಬಿಚ್ಚಿದ್ಮೇಲೆ ಓಡಿಬಿಟ್ರೆ, ಮೇಡಂ?"

"ಓಡಿದ್ರೆ ಹಿಂದೆ ನೀನೂ ಓಡು. ನಿನ್ನ ಹೊಟ್ಟೆ ಒಂದಿಷ್ಟು ಕರಗುತ್ತೆ."

ಯಾರೂ ನಗಲಿಲ್ಲ. ನಗುವಂಥ ಜಾಗವೂ ಅದಲ್ಲ. ಕಿಟಕಿಯಿಲ್ಲದ ಇಕ್ಕಟ್ಟು ಕೋಣೆ, ಗೋಡೆ ತುಂಬ ವೈರುಗಳು. ಗೋಡೆಯ ಆಚೆ ಹ್ಯಾಚರಿಯ ಯಂತ್ರದ ಗೂಡುಗಳಲ್ಲಿ ಸಾವಿರಾರು ಮೊಟ್ಟೆಗಳು ಕಾವಿಗೆ ಕುಳಿತಿದ್ದವು. ಸೂರಿನ ಮೇಲೆ ಗಾಳಿ ಬೆಳಗಿನಿಂದ ಒಂದೇ ಸಮನೆ ಗೋಳಿಡುತ್ತಿತ್ತು.

ಫಿಟ್ಟರ್ ಎರಡೂ ಕೈಗಳನ್ನು ಮುಂದೆ ಚಾಚಿದ, ಶಾಲೆಯಲ್ಲಿ ಮಗು ಉಗುರು ತೋರಿಸುವ ಹಾಗೆ. ಕೋಳ ಕಳಚಿತು. ಅವನು ಮಣಿಕಟ್ಟನ್ನು ತಿಕ್ಕಿಕೊಳ್ಳಲೂ ಇಲ್ಲ.

ಕರೆಂಟು ತೆಗೆದಿದ್ದ ತಂತಿಯಲ್ಲಿ ಕರೆಂಟು ಹರಿದು ಕಂಬದ ಮೇಲಿದ್ದ ಲೈನ್‌ಮನ್ ಸತ್ತಿದ್ದ. ಅದು ಹರಿದದ್ದು ಈ ಹ್ಯಾಚರಿಗೆ ಗಾಳಿಯಿಂದ ಕರೆಂಟು ಮಾಡುವ ಗಾಳಿಯಂತ್ರದಿಂದ. ಆ ಯಂತ್ರ ಕೂರಿಸಿದ ಫಿಟ್ಟರ್, ಸತ್ತವನ ಒಬ್ಬಳೇ ತಂಗಿಯ ಗಂಡ, "ನಾನೇ ಬೇಕಂತ ಮಾಡಿದೆ" ಎಂದು ಒಪ್ಪಿಕೊಂಡಿದ್ದ. ನಾಳೆ ಬೆಳಿಗ್ಗೆ ನ್ಯಾಯಾಧೀಶರ ಮುಂದೆಯೂ ಅದನ್ನೇ ಅಂದರೆ ಅವನ ಬದುಕು ಅಲ್ಲಿಗೆ ಮುಗಿದ ಹಾಗೆ.

ಠಾಣೆಯವರಿಗೆಲ್ಲ ಖುಷಿ. ನಿಧಾನಮ್ಮನಿಗೆ ಮಾತ್ರ ಅನ್ನ ಇಳಿಯುತ್ತಿರಲಿಲ್ಲ. ಆಕೆ ಇನ್ಸ್‌ಪೆಕ್ಟರ್. ನಿಧಾನಮ್ಮ ಎಂಬ ಹೆಸರು ಕೆಳಗಿನವರು ಬೆನ್ನ ಹಿಂದೆ ಇಟ್ಟದ್ದು. ಆಕೆಗೂ ಗೊತ್ತಿತ್ತು, ಬೇಸರವಿರಲಿಲ್ಲ. ಕೇಳುವ ಮೊದಲೇ ತಪ್ಪೊಪ್ಪಿಕೊಂಡವರನ್ನು ಆಕೆ ಕಂಡಿದ್ದಳು. ಅಂಥವರು ಸಾಮಾನ್ಯವಾಗಿ ಇನ್ನೊಂದು ಪ್ರಶ್ನೆಗೆ ಅಡ್ಡ ನಿಂತಿರುತ್ತಾರೆ. ಆ ಇನ್ನೊಂದು ಪ್ರಶ್ನೆ ಯಾವುದು ಎಂಬುದೇ ಆಕೆಗೆ ಸಿಕ್ಕಿರಲಿಲ್ಲ.

"ಏನಾದ್ರೂ ಬೇಕಿದ್ರೆ ಹೇಳಿ, ಮೇಡಂ," ಎಂದರು ಹ್ಯಾಚರಿಯ ಯಜಮಾನರು, ಬಾಗಿಲಲ್ಲಿ ನಿಂತು. ಬಿಳಿ ಕೋಟು, ಮೆತ್ತನೆ ಮಾತು, ಸೊಂಟದಲ್ಲಿ ಬೀಗದ ಕೈಗಳ ದೊಡ್ಡ ಗೊಂಚಲು. ಮೊಟ್ಟೆಗೆ ಸೋಂಕು ತಾಗಬಾರದೆಂದು ಗಳಿಗೆಗೊಮ್ಮೆ ಕೈ ತೊಳೆಯುವ ಮನುಷ್ಯ. ಅವರು ಹತ್ತಿರ ಬಂದಾಗಲೆಲ್ಲ ಮೂಗಿಗೆ ಚುಚ್ಚುವ ಮದ್ದಿನ ವಾಸನೆ. "ಬೇಗ ಮುಗಿದ್ರೆ ಉಪಕಾರ. ಬಾಡಿಗೆ ಜನರೇಟರು ಯಾವಾಗ ಕೈ ಕೊಡುತ್ತೋ. ಅಷ್ಟು ಗಾಳಿ ಬೀಸ್ತಿದೆ, ನಾವು ರೆಕ್ಕೆ ಕಟ್ಟಿಹಾಕಿ ಕೂತಿದೀವಿ."

ಗಾಳಿಯಂತ್ರದ ಕರೆಂಟನ್ನು ಹದಮಾಡಿ ಲೈನಿಗೆ ಸೇರಿಸುವ ಹಳೆಯ ಇನ್ವರ್ಟರ್ ಪೆಟ್ಟಿಗೆಯನ್ನು ಸಾಕ್ಷಿಗೆಂದು ಸೀಲು ಮಾಡಿ ಒಯ್ದಿದ್ದರು. ಅದೇ ಕಂಪನಿಯ, ಅದೇ ಮಾದರಿಯ ಹೊಸ ಪೆಟ್ಟಿಗೆಯನ್ನು ಯಜಮಾನರು ತರಿಸಿ ಗೋಡೆಗೆ ಹಾಕಿಸಿದ್ದರು. ಅದನ್ನು ಹೊಂದಿಸಿ ಕೊಡಬಲ್ಲವನು ಸುತ್ತಮುತ್ತ ಒಬ್ಬನೇ. ಅವನು ಲಾಕಪ್ಪಿನಲ್ಲಿದ್ದ. ಹಾಗಾಗಿ ನಿಧಾನಮ್ಮನೇ ಅವನನ್ನು ಕರೆತಂದಿದ್ದಳು.

"ನೀವೇ ಮಾಡ್ಕೋಬಹುದಿತ್ತಲ್ಲ, ಯಜಮಾನ್ರೆ?" ಎಂದಳು ನಿಧಾನಮ್ಮ.

"ನನಗೆ ಇದೆಲ್ಲ ಎಲ್ಲಿ ತಿಳಿಯುತ್ತೆ? ಹಸಿರು ದೀಪ ಇದ್ರೆ ಸರಿ, ಕೆಂಪು ಬಂದ್ರೆ ಇವನಿಗೆ ಫೋನು. ಅಷ್ಟೇ ನನ್ನ ವಿದ್ಯೆ."

"ಮೊದಲು ಮೇನ್ ಸ್ವಿಚ್ ಇಳಿಸ್ಬೇಕು," ಎಂದ ಫಿಟ್ಟರ್. ಬಂದಾಗಿನಿಂದ ಅವನಾಡಿದ ಮೊದಲ ಮಾತು.

ಸ್ವಿಚ್ಚು ಹೊರಗಿನ ಓಣಿಯ ಗೋಡೆಯಲ್ಲಿತ್ತು. ಕಬ್ಬಿಣದ ದೊಡ್ಡ ಡಬ್ಬ, ಪಕ್ಕದಲ್ಲಿ ಮೊಳಕೈಯಷ್ಟು ಉದ್ದದ ಹಿಡಿ. ಮೇಲೆತ್ತಿದರೆ ಹ್ಯಾಚರಿಗೂ ಕಂಬದ ಲೈನಿಗೂ ಸಂಬಂಧ. ಇಳಿಸಿದರೆ ಎರಡೂ ಬೇರೆ. ಲೈನ್‌ಮನ್ ಸತ್ತ ದಿನ ಅದು ಎತ್ತಿದ ಹಾಗೇ ಇತ್ತು. ಇಳಿಸದೆ ಕಂಬ ಹತ್ತಿದ, ಪಾಪ, ಅಜಾಗರೂಕತೆ ಎಂದು ಅವನ ಇಲಾಖೆಯವರೇ ಷರಾ ಬರೆದಿದ್ದರು.

ಫಿಟ್ಟರ್ ಹಿಡಿಯನ್ನು ಕೆಳಗೆಳೆದ. ಧಡಕ್ ಎಂದಿತು. ಆಮೇಲೆ ಆಚೀಚೆ ನೋಡಿದ. ಪೇದೆಯ ತಲೆಯ ಮೇಲಿದ್ದ ಟೋಪಿಗೆ ಕೈ ಹಾಕಿ ತೆಗೆದು, ಇಳಿದ ಹಿಡಿಗೆ ನೇತುಹಾಕಿದ.

"ಏಯ್! ಸರ್ಕಾರಿ ಟೋಪಿ ಕಣೋ ಅದು!"

ಫಿಟ್ಟರ್ ಬೆಚ್ಚಿದ. ತಾನು ಮಾಡಿದ್ದು ತನಗೇ ಆಗ ಗೊತ್ತಾದ ಹಾಗಿತ್ತು. "ಭಾವ ಯಾವಾಗ್ಲೂ ಹೀಗೇ—" ಎಂದವನು ನಾಲಿಗೆ ಕಚ್ಚಿಕೊಂಡ.

"ನಿನ್ನ ಭಾವ ಯಾವಾಗ್ಲೂ ಹೀಗೇ, ಏನು?"

"ಏನಿಲ್ಲ."

"ಏನಿಲ್ಲದೆ ಪೋಲೀಸಿನವನ ಟೋಪಿ ತೆಗೀತಾರಾ?"

"ಒಳಗೆ ಯಾರೋ ಕೆಲಸದಲ್ಲಿದಾರೆ, ಸ್ವಿಚ್ ಎತ್ತಬೇಡಿ ಅಂತ ಗುರುತಿಗೆ. ಅಷ್ಟೇ." ಅವನು ಬೆನ್ನು ತಿರುಗಿಸಿ ಒಳಗೆ ಹೋದ. ಕುತ್ತಿಗೆಯಲ್ಲಿ ಬೆವರು ಮೂಡಿತ್ತು.

ಪೇದೆ ಟೋಪಿಗೆ ಕೈ ಚಾಚಿದ. ನಿಧಾನಮ್ಮ ಅವನ ಕೈಯನ್ನು ಮೆಲ್ಲಗೆ ತಡೆದಳು. "ಇರಲಿ ಬಿಡು. ನಿನ್ನ ತಲೆಗಿಂತ ಅಲ್ಲೇ ಹೆಚ್ಚು ಉಪಯೋಗಕ್ಕೆ ಬರ್ತಿದೆ."

ಕೆಲಸ ಶುರುವಾದದ್ದೇ ಫಿಟ್ಟರ್ ಬೇರೆ ಮನುಷ್ಯನಾದ. ರೆಕ್ಕೆಗಳ ಬ್ರೇಕು ಬಿಗಿಯಾಗಿದೆಯೇ ಎಂದು ನೋಡಿದ. ಗೋಪುರದಿಂದ ಬಂದ ವೈರುಗಳನ್ನು ಒಂದೊಂದಾಗಿ ಎಳೆದು ನೋಡಿ ಪೆಟ್ಟಿಗೆಗೆ ಕೂಡಿಸಿದ. ಸಣ್ಣ ಪರದೆ ಬೆಳಗಿತು. ಅದರ ಕೆಳಗೆ ನಾಲ್ಕು ಗುಂಡಿ. ಆ ಮೊಂಡು ಬೆರಳುಗಳು ಗುಂಡಿಗಳ ಮೇಲೆ ನಡೆಯುವುದನ್ನು ನಿಧಾನಮ್ಮ ಸ್ಟೂಲಿನ ಮೇಲೆ ಕುಳಿತು ನೋಡಿದಳು.

"ಪಾಸ್‌ವರ್ಡು?"

"ಕಂಪನಿಯ ಪುಸ್ತಕದಲ್ಲಿ ಅಚ್ಚಾಗಿರೋದೇ. ಬದಲಾಯಿಸೋಕೆ ಹೋಗಿಲ್ಲ." ಹೇಳಿದ ಮೇಲೆ ಅದೂ ಹೇಳಬಾರದಿತ್ತು ಎಂದು ಅವನಿಗೆ ಅನಿಸಿದ್ದು ಮುಖದಲ್ಲಿ ಕಂಡಿತು.

"ಈಗ ಏನು ಹಾಕ್ತಿದ್ದೀಯ?"

"ಏಣಿ."

"ಏಣಿ?"

"ನಾವು ಹಾಗಂತೀವಿ. ಗಾಳಿ ಇಷ್ಟಿದ್ದಾಗ ರೆಕ್ಕೆಯಿಂದ ಇಷ್ಟು ಕರೆಂಟು ಎಳಿ, ಇಷ್ಟಾದಾಗ ಇಷ್ಟು ಅಂತ ಮೆಟ್ಟಿಲು ಮೆಟ್ಟಿಲಾಗಿ ಹೇಳಿಕೊಡ್ಬೇಕು. ಸಣ್ಣ ಗಾಳಿಗೇ ಜಾಸ್ತಿ ಎಳೆದ್ರೆ ಪುಟ್ಟ ಮಗು ತಲೆಮೇಲೆ ದೊಡ್ಡ ಕೊಡ ಇಟ್ಟ ಹಾಗೆ, ರೆಕ್ಕೆ ನಿಂತೇ ಹೋಗುತ್ತೆ. ಜೋರು ಗಾಳಿಗೆ ಕಮ್ಮಿ ಎಳೆದ್ರೆ ಹುಚ್ಚು ಹಿಡಿದ ಹಾಗೆ ತಿರುಗುತ್ತೆ." ಮಾತು ಬರುತ್ತಾ ಬರುತ್ತಾ ಅವನ ದನಿಗೆ ಜೀವ ಬಂದಿತ್ತು. "ಕಂಪನಿಯ ಪುಸ್ತಕದಲ್ಲೂ ಒಂದು ಏಣಿ ಇದೆ. ಅದು ಈ ಜಾಗಕ್ಕೆ ಆಗೋದಿಲ್ಲ. ಇಲ್ಲಿ ಗಾಳಿ ಕಟ್ಟಡಕ್ಕೆ ಬಡಿದು ತುಂಡುತುಂಡಾಗಿ ಬರುತ್ತೆ. ಅದಕ್ಕೆ ನಾನು ಮೊದಲ ಮೆಟ್ಟಿಲನ್ನೇ ಸ್ವಲ್ಪ ಮೇಲಿಟ್ಟೆ. ರೆಕ್ಕೆ ಸುಧಾರಿಸ್ಕೊಂಡ ಮೇಲೆ ಎಳೆಯೋಕೆ ಶುರು ಮಾಡ್ಲಿ ಅಂತ."

ಏಣಿ ಮುಗಿಯಿತು. ಟೋಪಿ ತೆಗೆದು ಸ್ವಿಚ್ಚು ಎತ್ತಿದರು, ಬ್ರೇಕು ಬಿಟ್ಟರು. ಪೆಟ್ಟಿಗೆ ತಕ್ಷಣ ಏನೂ ಮಾಡಲಿಲ್ಲ. ಕಂಬದ ಕರೆಂಟಿನ ನಾಡಿ ಹಿಡಿದು ಕುಳಿತವರ ಹಾಗೆ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಟಕ್ ಎಂದು ಸೇರಿಕೊಂಡಿತು. ಮೇಲೆ ರೆಕ್ಕೆಗಳ ಸದ್ದು ಒಂದೇ ಹದಕ್ಕೆ ಇಳಿಯಿತು.

"ಈಗ ಕಂಬದಲ್ಲಿ ಕರೆಂಟು ಹೋದ್ರೆ?"

ಫಿಟ್ಟರ್ ಉತ್ತರದ ಬದಲು ಹೊರಗೆ ಹೋಗಿ ಸ್ವಿಚ್ಚು ಇಳಿಸಿದ. ಪೆಟ್ಟಿಗೆ ಆ ಕ್ಷಣವೇ ಉಸಿರು ಬಿಟ್ಟಿತು.

"ಅಷ್ಟೇ. ಅಲ್ಲಿ ಕರೆಂಟಿಲ್ಲ ಅಂದ್ರೆ ಇಲ್ಲೂ ಇಲ್ಲ. ಕಂಬದ ಮೇಲೆ ಮನುಷ್ಯ ಇದ್ರೆ ಅವನು ಸಾಯಬಾರ್ದು ಅಂತಲೇ ಹಾಗೆ ಮಾಡಿರೋದು."

"ಗಾಳಿ ಬೀಸ್ತಾ ಇದ್ರೂ ನಮ್ಮ ಮೊಟ್ಟೆ ಕತ್ತಲಲ್ಲಿ," ಎಂದು ಯಜಮಾನರು ಬಾಗಿಲಿಂದ ನಿಟ್ಟುಸಿರಿಟ್ಟರು. "ಎಂಥ ಕಾನೂನೋ." ಯಾರೋ ಕರೆದರೆಂದು ಗೊಂಚಲು ಗಿಲಕಿಸುತ್ತಾ ಒಳಗೆ ಹೋದರು.

ಪೇದೆ ತಾನಾಗಿಯೇ ಟೋಪಿ ತೆಗೆದು ಹಿಡಿಗೆ ಹಾಕಿದ. ಕಲಿತುಬಿಟ್ಟಿದ್ದ.

"ಸರಿ," ಎಂದಳು ನಿಧಾನಮ್ಮ. "ಈಗ ನೀನು ಹಳೇ ಪೆಟ್ಟಿಗೆಗೆ ಏನು ಮಾಡಿದೆ ಅಂತ ಬರೆದುಕೊಟ್ಟಿದ್ದೀಯೋ, ಅದನ್ನ ಇದಕ್ಕೂ ಮಾಡಿ ತೋರಿಸು."

ಫಿಟ್ಟರ್ ತಲೆ ಎತ್ತಿದ. "ಯಾಕೆ?"

"ಕೋರ್ಟಿನಲ್ಲಿ ಕೇಳ್ತಾರೆ. ನನಗೆ ತಿಳಿದಿರ್ಬೇಕಲ್ಲ."

ಅವನು ಪರದೆಯ ಮುಂದೆ ನಿಂತ. ಬ್ರೇಕು ಹಾಕಿದ. ಈ ಬಾರಿ ಬೆರಳುಗಳು ತಡಕಾಡಿದವು. ಒಂದು ಪುಟಕ್ಕೆ ಹೋದ, ಹಿಂದೆ ಬಂದ, ಇನ್ನೊಂದಕ್ಕೆ ಹೋದ. ಕೊನೆಗೆ ಸಿಕ್ಕಿತು: ಕಂಬದ ಕರೆಂಟನ್ನು ಕಾಯದೆ ಸ್ವಂತವಾಗಿ ನಡೆ ಎನ್ನುವ ಆಯ್ಕೆ. ಒತ್ತಿದ. ಪರದೆ ಕಪ್ಪಾಗಿ ಮತ್ತೆ ಬೆಳಗಿತು.

"ಇಷ್ಟೇ," ಎಂದ. "ಇಷ್ಟು ಮಾಡಿದೆ. ಹಾಗಾಗಿ ಅವತ್ತು ಲೈನ್ ಆಫ್ ಆಗಿದ್ರೂ ಇದು ನಡೀತಾನೇ ಇತ್ತು. ಭಾವ ಹಿಂದಿನ ಕಂಬದಲ್ಲಿ ಫ್ಯೂಸ್ ತೆಗೆದಿದ್ದ, ಲೈನಿನ ಕೊನೇಲಿ ನಾವೊಬ್ಬರೇ ಉಳಿದಿದ್ವಿ. ಇಲ್ಲಿಯ ಕರೆಂಟೆಲ್ಲ ನೆಟ್ಟಗೆ ಅವನ ಕೈಗೇ ಹೋಯ್ತು."

"ನಡೆಸಿ ತೋರಿಸು."

ಅವನು ಪರೀಕ್ಷೆಗೆಂದು ಒಂದು ಬಲ್ಬು ಕಟ್ಟಿ ಬ್ರೇಕು ಬಿಟ್ಟ.

ರೆಕ್ಕೆಗಳು ತಿರುಗತೊಡಗಿದವು. ಬಲ್ಬು ಹೊತ್ತಿತು, ಆರಿತು. ಹೊತ್ತಿತು, ಆರಿತು. ಮೇಲೆ ಗೋಪುರದಲ್ಲಿ ಕೆಮ್ಮು ಹತ್ತಿದ ಮುದುಕನ ಹಾಗೆ ನರಳಾಟ. ಹಿಡಿಯುವುದು, ಬಿಡುವುದು, ಹಿಡಿಯುವುದು. ಗೋಡೆಯೇ ಅದುರಿತು.

ಫಿಟ್ಟರ್ ಬ್ರೇಕಿಗೆ ಹಾರಿದ. ಪರದೆಗೆ ಬಂದು ಏಣಿಯ ಪುಟ ತೆರೆದ. ಖಾಲಿ. ಅವನು ಕಟ್ಟಿದ್ದ ಮೆಟ್ಟಿಲುಗಳಲ್ಲಿ ಒಂದೂ ಇರಲಿಲ್ಲ.

ಅವನು ಬಾಯಿ ತೆರೆದು ಹಾಗೇ ನಿಂತ.

ನಿಧಾನಮ್ಮ ಆ ಮುಖವನ್ನು ನೋಡಲೆಂದೇ ಇಷ್ಟು ಹೊತ್ತು ಕಾದಿದ್ದಳು. ಎದ್ದು ಬಾಗಿಲು ಹಾಕಿದಳು.

"ಮೊದಲ ಸಲ ನೋಡ್ತಿದ್ದೀಯ, ಅಲ್ವಾ?"

"ಇಲ್ಲ... ಅವತ್ತೂ ಹೀಗೇ ಆಗಿತ್ತು."

"ಆಗಿತ್ತಾ? ಹಾಗಾದ್ರೆ ಯಾಕಪ್ಪಾ ದೆವ್ವ ಕಂಡವನ ಹಾಗೆ ಬ್ರೇಕಿಗೆ ಹಾರಿದೆ?"

ಅವನು ಪರದೆಯಲ್ಲಿ ಆ ಖಾಲಿ ಪುಟವನ್ನು ಮತ್ತೆ ತೆರೆದ.

"ಈ ಪೆಟ್ಟಿಗೆ ಮಾಡೋ ಕಂಪನಿಯವರಿಗೆ ಫೋನ್ ಮಾಡಿದ್ದೆ. ಅಲ್ಲೊಬ್ಬ ಹುಡುಗಿ. ತಿಳೀಲಿಲ್ಲ, ಇನ್ನೊಂದ್ಸಲ ಹೇಳಮ್ಮ ಅಂತ ಎಷ್ಟು ಸಲ ಕೇಳಿದ್ರೂ ಪಾಪ, ಬೇಜಾರಿಲ್ಲದೆ ಹೇಳಿದಳು. ಆ ಆಯ್ಕೆ ಮುಟ್ಟಿದ್ರೆ ಏಣಿ ಅಳಿಸಿಹೋಗುತ್ತೆ ಅಂತ. ಮಾಡಿದವನಿಗೆ ಅದು ಗೊತ್ತಿರ್ಬೇಕು. ನಿನಗೆ ಗೊತ್ತಿರ್ಲಿಲ್ಲ."

"ಮರೆತಿದ್ದೆ."

"ಇನ್ನೊಂದು ಕೇಳು. ಸೀಲು ಮಾಡಿ ಒಯ್ದ ಪೆಟ್ಟಿಗೆಯಲ್ಲಿ ಏಣಿ ಇತ್ತು. ಯಾರೋ ಮತ್ತೆ ತುಂಬಿದ್ರು. ಮೊದಲ ಮೆಟ್ಟಿಲಿಂದ ಕೊನೇದರ ತನಕ ಪುಸ್ತಕದಲ್ಲಿ ಅಚ್ಚಾಗಿರೋ ಹಾಗೇ. ಈ ಜಾಗಕ್ಕೆ ಆಗೋದಿಲ್ಲ ಅಂತ ನೀನೇ ಈಗ ಹೇಳಿದ್ಯಲ್ಲ, ಆ ಏಣಿ. ನೀನಾಗಿದ್ರೆ ನಿನ್ನದನ್ನೇ ತುಂಬ್ತಿದ್ದೆ."

ಫಿಟ್ಟರ್ ಗೋಡೆಗೆ ಒರಗಿದ.

"ಹಿಡಿಗೆ ಟೋಪಿ ಹಾಕಿದೆ. ಭಾವನ ಅಭ್ಯಾಸ ಅಂದೆ, ಅರ್ಧಕ್ಕೇ ನುಂಗಿದೆ." ನಿಧಾನಮ್ಮನ ದನಿ ಏರಲಿಲ್ಲ. ಆಕೆಯ ದನಿ ಏರುವುದೇ ಇಲ್ಲ. ಅದಕ್ಕೇ ಜನ ಹೆದರುತ್ತಿದ್ದರು. "ಅಂದ್ರೆ ಅವನು ಸ್ವಿಚ್ ಇಳಿಸದೆ ಕಂಬ ಹತ್ತೋ ಮನುಷ್ಯ ಅಲ್ಲ. ಇಳಿಸಿದ್ದ. ಗುರುತಿಗೆ ಏನೋ ನೇತುಹಾಕಿದ್ದ. ಅದನ್ನ ಯಾರೋ ತೆಗೆದ್ರು, ಸ್ವಿಚ್ ಎತ್ತಿದ್ರು. ನೀನು ಆ ಪ್ರಶ್ನೆಗೆ ಅಡ್ಡ ನಿಂತಿದ್ದೀಯ. ಯಾರಿಗೋಸ್ಕರ?"

"ನಾನೇ ಮಾಡಿದೆ ಅಂದ್ನಲ್ಲ ಮೇಡಂ. ಬರೆದುಕೊಟ್ಟಿದೀನಿ. ಇನ್ನೇನು ಬೇಕು ನಿಮಗೆ?"

ಹೇಳುವಾಗ ಅವನ ಕಣ್ಣು ಎಡಗಡೆಯ ಗೋಡೆಗೆ ಹೋಗಿ ಬಂತು. ಒಂದೇ ಗಳಿಗೆ.

ಆ ಗೋಡೆಯ ಆಚೆ ಮೊಟ್ಟೆಗಳನ್ನು ಬೆಳಕಿಗೆ ಹಿಡಿದು ನೋಡುವ ಕೋಣೆ. ಅಲ್ಲಿ ಅವನ ಹೆಂಡತಿ ಕುಳಿತಿದ್ದಳು. ನಿಧಾನಮ್ಮ ಅವನನ್ನು ಅಲ್ಲಿಗೇ ಕರೆದೊಯ್ದಳು.

ಆ ಕೋಣೆಯನ್ನು ಹಗಲಲ್ಲೂ ಕತ್ತಲಾಗಿಯೇ ಇಡಬೇಕು. ಮೇಜಿನ ಮೇಲೆ ಒಂದು ಡಬ್ಬಿ ದೀಪ, ಅದರ ನೆತ್ತಿಯ ತೂತಿನಿಂದ ಮಾತ್ರ ಬೆಳಕು. ಫಿಟ್ಟರನ ಹೆಂಡತಿ ಒಂದೊಂದೇ ಮೊಟ್ಟೆಯನ್ನು ಆ ತೂತಿನ ಮೇಲೆ ಹಿಡಿದು, ತಿರುಗಿಸಿ, ಬಲಕ್ಕೋ ಎಡಕ್ಕೋ ಇಡುತ್ತಿದ್ದಳು. ಕೆಂಪು ಬೆಳಕು ಅವಳ ಗಲ್ಲಕ್ಕೆ ಬಿದ್ದು ಆರುತ್ತಿತ್ತು. ಅಣ್ಣನ ಸಾವಿನ ನಂತರ ಅವಳು ಮನೆಗೆ ಹೋಗಿರಲಿಲ್ಲ. ಗಂಡ ಒಪ್ಪಿಕೊಂಡನೆಂದು ಕೇಳಿದ ಮೇಲೆ ಠಾಣೆಯ ಕಡೆಗೂ ತಲೆ ಹಾಕಿರಲಿಲ್ಲ.

"ಇದು ಹೋಗಿದೆ," ಎಂದಳು ಯಾರಿಗೋ ಎಂಬಂತೆ, ಮೊಟ್ಟೆಯೊಂದನ್ನು ಎಡಕ್ಕಿಟ್ಟು. ಆಮೇಲೆ ತಲೆಯೆತ್ತಿ ಗಂಡನನ್ನು ಕಂಡಳು. ಎದ್ದು ನಿಂತಳು. "ಇವರನ್ನ ಯಾಕೆ ಕರ್ಕೊಂಡು ಬಂದ್ರಿ?"

"ಕೂತ್ಕೋ ತಾಯಿ. ಒಂದೇ ಒಂದು ವಿಷಯ ಕೇಳಿ ಹೋಗ್ತೀನಿ."

"ಒಂದೇ ಒಂದು ಅಂತ ಬಂದವರು ಮೊನ್ನೆ ಸಂಜೆ ತನಕ ಕೂತಿದ್ರಿ."

ನಿಧಾನಮ್ಮನಿಗೆ ನಗು ಬಂದು ತುಟಿಯಲ್ಲೇ ನಿಂತಿತು. "ನಿಮ್ಮಣ್ಣ ಕೆಲಸಕ್ಕೆ ಹೊರಟಾಗ ಜೊತೆಗೆ ಏನೇನು ಇರ್ತಿತ್ತು?"

"ಮೇಡಂ," ಎಂದ ಫಿಟ್ಟರ್, ಒರಟಾಗಿ. "ಅವಳನ್ನ ಬಿಟ್ಟುಬಿಡಿ."

"ಏನಿರುತ್ತೆ? ಹಗ್ಗ, ಇಕ್ಕಳ, ಟೋಪಿ."

ಟೋಪಿ ಹೆಣದ ತಲೆಯಲ್ಲೇ ಇತ್ತು. ಹಗ್ಗ, ಇಕ್ಕಳ ಕಂಬದಲ್ಲಿ ಸಿಕ್ಕಿದ್ದವು. "ಮತ್ತೆ?"

"ಊಟದ ಚೀಲ. ಅತ್ತಿಗೆ ಹೋದ ಮೇಲೆ ನಾನೇ ಕಟ್ಟಿಕೊಡ್ತಿದ್ದೆ. ಈ ಕಡೆ ಕೆಲಸ ಇದ್ದಾಗ ಉಂಡು ಖಾಲಿ ಡಬ್ಬಿ ನನಗೇ ಕೊಟ್ಟು ಹೋಗ್ತಿದ್ದ."

"ಆ ಚೀಲ ಎಲ್ಲಿ?"

"ಇಲ್ಲೇ ಇದೆ."

"ಮೇಡಂ, ಬೇಡ!" ಫಿಟ್ಟರ್ ಮುಂದೆ ನುಗ್ಗಿದ. ಪೇದೆ ತೋಳು ಹಿಡಿದ. "ನಾನೇ ಕೊಂದೆ ಅಂತಿದೀನಲ್ಲ! ನನ್ನನ್ನೇ ಗಲ್ಲಿಗೆ ಹಾಕಿ. ಅವಳನ್ನ ಕೇಳ್ಬೇಡಿ!"

ಹೆಂಡತಿ ಅವನನ್ನೇ ನೋಡಿದಳು. ಗೋಡೆಯ ಮೊಳೆಯಿಂದ ಬಟ್ಟೆಯ ಚೀಲವೊಂದನ್ನು ತೆಗೆದು ಎದೆಗವಚಿಕೊಂಡಳು. ಉದ್ದನೆಯ ಎರಡು ಹಿಡಿಯ, ಬಣ್ಣ ಹೋದ ಚೀಲ. ಸ್ವಿಚ್ಚಿಗೆ ಸಲೀಸಾಗಿ ನೇತುಹಾಕಬಹುದಾದದ್ದು.

ನಿಧಾನಮ್ಮನಿಗೆ ಆಗ ಎಲ್ಲವೂ ಅರ್ಥವಾಯಿತು; ಅರ್ಥವಾದದ್ದು ಸೀಸದ ಹಾಗೆ ಎದೆಯಲ್ಲಿ ಇಳಿಯಿತು. ಸ್ವಿಚ್ಚಿನ ಹಿಡಿಯಲ್ಲಿ ಅಣ್ಣನ ಊಟದ ಚೀಲ. ಓಣಿಯಲ್ಲಿ ಹಾದುಹೋದ ತಂಗಿ. ಮರೆತು ಹೋದನೆಂದು ತೆಗೆದುಕೊಂಡಳು. ಆಮೇಲೆ ಬಂದ ಯಾರಿಗೋ ಇಳಿದ ಸ್ವಿಚ್ಚಷ್ಟೇ ಕಂಡಿತು. ಆ ಚೀಲ ಹೆಂಡತಿಯ ಮೊಳೆಯಲ್ಲಿ ನೇತಾಡುವುದನ್ನು ಗಂಡ ನೋಡಿದ. ಅಣ್ಣನನ್ನು ಕೊಂದದ್ದು ನಿನ್ನದೇ ಕೈ ಎಂದು ಅವಳಿಗೆ ಯಾವತ್ತೂ ತಿಳಿಯಬಾರದು ಎಂದುಕೊಂಡ.

ಈ ಪ್ರಶ್ನೆ ಕೇಳದೆ ಎದ್ದು ಹೋಗಿಬಿಡಬಹುದಿತ್ತು. ಆಕೆಗೆ ಆ ಆಸೆಯೂ ಆಯಿತು. ಆದರೆ ನಾಳೆ ಬೆಳಿಗ್ಗೆ ಕೋರ್ಟು ಇತ್ತು.

"ಇದನ್ನ ಎಲ್ಲಿಂದ ತಗೊಂಡೆ, ಮಗಳೇ?"

"ಎಲ್ಲಿಂದ ತಗೊಳ್ಳೋದು? ನನ್ನ ಸ್ಟೂಲಿನ ಮೇಲಿತ್ತು."

ಫಿಟ್ಟರ್ ಪೇದೆಯ ಹಿಡಿತದಲ್ಲೇ ಅವಳ ಕಡೆ ತಿರುಗಿದ.

"ಎಲ್ಲಿತ್ತು?" ಎಂದ ಫಿಟ್ಟರ್.

"ಈ ಸ್ಟೂಲಿನ ಮೇಲೆ. ನಾನು ಆಚೆ ಮೊಟ್ಟೆ ಇಳಿಸೋಕೆ ಹೋಗಿ ಬರೋಷ್ಟರಲ್ಲಿ ಇಟ್ಟು ಹೋಗಿದ್ದ. ಉಂಡು ಮುಗಿಸಿ ಹೊರಟುಹೋದ ಅಂದ್ಕೊಂಡೆ. ಒಂದು ಮಾತೂ ಆಡದೆ ಹೋದನಲ್ಲ ಅಂತ ಬೈದ್ಕೊಂಡೆ ಕೂಡ." ಅವಳು ಚೀಲವನ್ನು ಇನ್ನಷ್ಟು ಒತ್ತಿಹಿಡಿದಳು. "ಮೊಳೆಗೆ ಹಾಕಿದೆ. ಅಷ್ಟರಲ್ಲಿ ಹೊರಗೆ ಕೂಗಾಟ. ಆಮೇಲೆ ಇದನ್ನ ಮುಟ್ಟೋಕೆ ಮನಸ್ಸೇ ಬರ್ಲಿಲ್ಲ."

"ಸ್ವಿಚ್ಚಿನ ಹಿಡಿಯಲ್ಲಿ ಇರ್ಲಿಲ್ವಾ? ನೀನು ಅಲ್ಲಿಂದ ತೆಗೀಲಿಲ್ವಾ?"

"ಸ್ವಿಚ್ಚಿನಲ್ಲಿ ಊಟದ ಚೀಲ ಯಾಕಿರುತ್ತೆ?"

ಫಿಟ್ಟರ್ ಅಲ್ಲೇ ನೆಲದ ಮೇಲೆ ಕುಸಿದು ಕುಳಿತ. ಅಷ್ಟು ದಿನ ಕಲ್ಲಿನ ಹಾಗಿದ್ದವನು ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಅತ್ತ.

"ಆಫೀಸಿನವರು ಕೊಟ್ಟ ಬೋರ್ಡು ಹಾ‌ಕಿದ್ರೆ ಜನ ಕಿತ್ತೆಸೀತಾರೆ ಅಂತಿದ್ದ ಭಾವ," ಎಂದ ಬೆರಳ ಸಂದಿಯಿಂದ. "ಇನ್ನೊಬ್ಬರ ಊಟಕ್ಕೆ ಯಾರೂ ಕೈ ಹಾಕೋದಿಲ್ಲ, ಅದಕ್ಕಿಂತ ಭದ್ರವಾದ ಬೀಗ ಇಲ್ಲ ಅಂತ ನಗ್ತಿದ್ದ. ಎಲ್ಲಿ ಹೋದ್ರೂ ಸ್ವಿಚ್ ಇಳಿಸಿ ಚೀಲ ನೇತುಹಾಕೋನು. ಕೆಳಗಿಳಿದ ಮೇಲೇ ಊಟ. ಅವನ ಊಟಕ್ಕೆ ಕೈ ಹಾಕೋಳು ಅಂದ್ರೆ... ಲೋಕದಲ್ಲಿ ಒಬ್ಬಳೇ."

ಹೆಂಡತಿ ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡಳು.

"ನಾನು ತೆಗೆದೆ ಅಂದ್ಕೊಂಡ್ರಾ?" ಎಂದಳು. "ಅದಕ್ಕೇನಾ ನೀವು..."

"ನಾನು ಆ ಪೆಟ್ಟಿಗೆ ಮುಟ್ಟೇ ಇಲ್ಲ ಕಣೆ. ಮೇಡಂ, ಬರೆದುಕೊಟ್ಟಿದ್ದು ಸುಳ್ಳು. ನಾನು ಮುಟ್ಟಿಲ್ಲ."

ಅವಳು ಅವನ ಪಕ್ಕದಲ್ಲಿ ಮಂಡಿಯೂರಿದಳು. ಚೀಲದ ಒಂದು ಹಿಡಿ ಅವಳ ಕೈಯಲ್ಲಿತ್ತು. ಇನ್ನೊಂದನ್ನು ಅವನು ಹಿಡಿದುಕೊಂಡ. ಪೇದೆ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡ.

ನಿಧಾನಮ್ಮನ ಮನಸ್ಸು ಮಾತ್ರ ಇನ್ನೊಂದು ಕಡೆ ಇತ್ತು. ಹೆಣ ಕೊಯ್ದ ಡಾಕ್ಟರು ಹೇಳಿದ್ದ ಮಾತು, ಅಂದು ಲೆಕ್ಕಕ್ಕೆ ತೆಗೆದುಕೊಳ್ಳದ್ದು: ಹೊಟ್ಟೆ ಖಾಲಿ, ಬೆಳಗಿನಿಂದ ಏನೂ ತಿಂದಿಲ್ಲ.

"ಡಬ್ಬಿ ತೆಗೆ, ಮಗಳೇ."

ಅವಳು ಚೀಲದೊಳಗಿಂದ ಡಬ್ಬಿ ತೆಗೆದಳು. "ಹಗುರ ಇದೆ. ಅವತ್ತೂ ಹಗುರ ಇತ್ತು." ಮುಚ್ಚಳ ತಿರುಗಿಸಿದಳು. ಒಳಗೆ ಒಣಗಿ ಹಳಸಿದ್ದೇನನ್ನೋ ನಿರೀಕ್ಷಿಸಿ ಮುಖ ಹಿಂದಕ್ಕೆಳೆದುಕೊಂಡಳು.

ಡಬ್ಬಿ ಫಳಫಳ ಹೊಳೆಯುತ್ತಿತ್ತು. ಒಂದು ಅಗುಳೂ ಇರಲಿಲ್ಲ.

"ತೊಳೆದಿದೆ," ಎಂದಳು. ದನಿಯಲ್ಲಿ ದಿಗಿಲು. "ಅಣ್ಣ ಜನ್ಮದಲ್ಲಿ ಡಬ್ಬಿ ತೊಳೆದವನಲ್ಲ. ಅದಕ್ಕೇ ದಿನಾ ಜಗಳ ಆಡ್ತಿದ್ದೆ."

"ಉಂಡವನೂ ಅಲ್ಲ," ಎಂದಳು ನಿಧಾನಮ್ಮ. "ಊಟ ಚೆಲ್ಲಿ, ಡಬ್ಬಿ ತೊಳೆದು, ಅವನು ಉಂಡು ಹೋದ ಅಂತ ನೀನೇ ಸಾಕ್ಷಿ ಹೇಳೋ ಹಾಗೆ ನಿನ್ನ ಸ್ಟೂಲಿನ ಮೇಲಿಟ್ಟಿದಾರೆ. ಅವನು ಕಂಬದ ಮೇಲಿರುವಾಗ."

ಆಕೆ ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದಳು. ಮುಚ್ಚಿಯೇ ಇದ್ದುದರಿಂದ ವಾಸನೆ ಒಳಗೇ ಉಳಿದಿತ್ತು. ಮೂಗಿಗೆ ಚುಚ್ಚುವ, ಕಣ್ಣಲ್ಲಿ ನೀರು ತರುವ ವಾಸನೆ. ಈ ದಿನವೇ ಅದನ್ನು ಮೂಸಿದ್ದಳು.

"ಇದು ಎಲ್ಲಿಯ ವಾಸನೆ?"

"ಮದ್ದಿನ ಕೋಣೇದು. ಗೂಡಿಗೆ ಹೊಡೆಯೋ ಮದ್ದು ಕಲಸೋದು ಅಲ್ಲೇ, ಅಲ್ಲಿಯ ತೊಟ್ಟಿ, ಬಟ್ಟೆ, ಎಲ್ಲ ಹೀಗೇ ನಾರುತ್ತೆ. ನಾವು ಡಬ್ಬಿ ತೊಳೆಯೋದು ಹೊರಗಿನ ನಲ್ಲಿಯಲ್ಲಿ. ಆ ಕೋಣೆಗೆ ಯಾರನ್ನೂ ಬಿಡೋದಿಲ್ಲ. ಬೀಗ ಇರುತ್ತೆ."

"ಬೀಗದ ಕೈ?"

"ಯಜಮಾನರ ಸೊಂಟದಲ್ಲಿ."

ಹೊರಗಿನ ಓಣಿಯಲ್ಲಿ ಗೊಂಚಲು ಗಿಲಗಿಲ ಎಂದು ಹತ್ತಿರ ಬರುತ್ತಿತ್ತು. ಪೇದೆ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ. ನಿಧಾನಮ್ಮ ಕೈಯೆತ್ತಿ ಅವನನ್ನು ನಿಲ್ಲಿಸಿದಳು. ಕೊನೆಯ ಪ್ರಶ್ನೆಯನ್ನು ಕೇಳದೆ ಏಳುವುದು ಆಕೆಯ ಜಾಯಮಾನದಲ್ಲೇ ಇರಲಿಲ್ಲ.

"ಅವರ ಹತ್ರ ಮಾತ್ರಾನಾ?"

ದೀಪದ ತೂತಿನಿಂದ ಬೆಳಕು ನೆಟ್ಟಗೆ ಸೂರಿಗೆ ಹೋಗುತ್ತಿತ್ತು. ಅವಳ ನೋಟ ಮೆಲ್ಲಗೆ ಗಂಡನ ಸೊಂಟಕ್ಕೆ ಇಳಿಯಿತು, ಈಗ ಅಲ್ಲೇನೂ ಇಲ್ಲದ ಜಾಗಕ್ಕೆ.

"ಗಾಳಿಯಂತ್ರದ ವೈರು ಆ ಕೋಣೆಯ ಮೇಲಿಂದಲೇ ಬರುತ್ತೆ," ಎಂದಳು ತೀರಾ ಸಣ್ಣಗೆ. "ಇವರಿಗೂ ಒಂದು ಬೀಗದ ಕೈ ಕೊಟ್ಟಿದ್ರು."

"ಅದು ಕಳೆದುಹೋಗಿತ್ತು," ಎಂದ ಫಿಟ್ಟರ್, ತಟ್ಟನೆ. "ಎಷ್ಟೋ ದಿನದ ಹಿಂದೇ ಕಳೆದುಹೋಗಿತ್ತು, ಮೇಡಂ."

ನಿಧಾನಮ್ಮ ಅವನನ್ನು ದಿಟ್ಟಿಸಿ ನೋಡಿದಳು. ಬಂಧಿಸಿದ ದಿನ ಅವನ ಸೊಂಟದಿಂದ ಕೀಲಿಗಳನ್ನು ಬಿಚ್ಚಿ ತನ್ನ ಮೇಜಿನ ಡ್ರಾಯರಿನಲ್ಲಿಟ್ಟವಳು ಆಕೆಯೇ. ಒಂದು ಮನೆಯದು, ಒಂದು ಸೈಕಲ್ಲಿನದು. ಮೂರನೆಯದು ಹಿತ್ತಾಳೆಯದು. ಅದು ಎಲ್ಲಿಯದೆಂದು ಆಕೆ ಕೇಳಿರಲಿಲ್ಲ. ಅದನ್ನು ಮುಟ್ಟಿದ ಬೆರಳಿನಿಂದ ಚುಚ್ಚುವ ವಾಸನೆ ಹೋಗಲೆಂದು ಎರಡು ಸಲ ಸೋಪು ಹಾಕಿ ತೊಳೆದಿದ್ದು ಈಗ ನೆನಪಾಯಿತು.

ಖಾಲಿ ಏಣಿಯ ಮುಂದೆ ಬಾಯಿ ತೆರೆದು ನಿಂತ ಆ ಮುಖ! ಅದು ನಿಜವಾಗಿ ಬೆಚ್ಚಿದ್ದೇ, ಬೆಚ್ಚಬೇಕೆಂದು ಗೊತ್ತಿದ್ದು ಬೆಚ್ಚಿದ್ದೇ?

ಹೆಂಡತಿ ನಿಧಾನಮ್ಮನ ಮುಖ ನೋಡಿದಳು, ಗಂಡನ ಮುಖ ನೋಡಿದಳು. ಬೆಳಕಿಗೆ ಹಿಡಿದ ಮೊಟ್ಟೆಯನ್ನು ನೋಡುವ ಹಾಗೆ, ಒಳಗೆ ಏನಿದೆಯೆಂದು. ಡಬ್ಬಿಯ ಮುಚ್ಚಳ ಹಾಕಿದಳು. ಆಮೇಲೆ ಅವನು ಹಿಡಿದುಕೊಂಡಿದ್ದ ಚೀಲದ ಇನ್ನೊಂದು ಹಿಡಿಯನ್ನು, ಅವನ ಬೆರಳುಗಳಿಂದ ಒಂದೊಂದಾಗಿ ಬಿಡಿಸಿಕೊಂಡಳು.